ಕಪಾಟಿನೊಳಗಿನ ಮೈಕಮ್ಮ

ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಚಿಕ್ಕಮ್ಮನ ಫೋನು ಬಂತು.

"ನಿಮ್ಮ ಚಿಕ್ಕಪ್ಪ ಸುತ್ತಿಗೆ ಎಲ್ಲಿಡ್ತಾರೆ ಅಂತ ನಿನಗೇನಾದ್ರೂ ಗೊತ್ತೇನೇ?"

"ಸುತ್ತಿಗೆ ಯಾಕೆ?"

"ಈ ಲ್ಯಾಪ್‌ಟಾಪ್ ಒಡೆಯೋಕೆ. ಮತ್ತೆ ಆರಿಹೋಯ್ತು ಕಣೆ. ಪಾಠದ ಕೊನೇ ಪುಟದಲ್ಲಿದ್ದೆ. ಕೊನೇ ಪುಟ! ಓದಿದ್ದೆಲ್ಲ ನುಂಗಿ ನೀರು ಕುಡೀತು. ಮುಟ್ಟಿದ್ರೆ ಕೈ ಸುಡುತ್ತೆ."

"ಒಡೀಬೇಡ. ನಾನೇ ಬರ್ತೀನಿ, ಬಿಚ್ಚಿ ನೋಡ್ತೀನಿ."

"ಬಾ. ಸುತ್ತಿಗೆ ಸಿಗೋದ್ರೊಳಗೆ ಬಾ."

ಫೋನು ಇಟ್ಟ ಸದ್ದಿನಲ್ಲೇ ಅವಳ ಸಿಟ್ಟು ಎಷ್ಟಿದೆ ಎಂದು ಗೊತ್ತಾಯಿತು. ನನ್ನ ಅಮ್ಮನ ತಂಗಿ ಇವಳು. ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳುವವರ ಮೇಲೆ ನನಗೆ ಸಿಟ್ಟು. ಅಮ್ಮನದು ಹಸುವಿನಂಥ ಸ್ವಭಾವ, ನಾನು ಮಾತ್ರ ಪೂರಾ ಚಿಕ್ಕಮ್ಮನ ಪಡಿಯಚ್ಚು. "ಸಮಾಧಾನ ತಂದ್ಕೋ" ಎಂದು ಯಾರಾದರೂ ಹೇಳಿದರೆ ಇದ್ದಬದ್ದ ಸಮಾಧಾನವೂ ಹಾರಿಹೋಗುವ ಜಾತಿ ನಮ್ಮದು.

ಚಿಕ್ಕಮ್ಮ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುತ್ತಿದ್ದಳು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿತು, ಯಾವುದು ಇನ್ನೂ ಬಂದಿಲ್ಲ ಎಂದು ಕೂಗಿ ಹೇಳುವ ಕೆಲಸ. ಮದುವೆಗೆ ಮೊದಲೇ ಸೇರಿದವಳು ತಲೆ ನರೆಯುವವರೆಗೂ ಅದೇ ಗಾಜಿನ ಗೂಡಿನಲ್ಲಿ ಕೂತಿದ್ದಳು. ಡ್ರೈವರುಗಳು ಅವಳಿಗೆ ಮೈಕಮ್ಮ ಎಂದು ಹೆಸರಿಟ್ಟಿದ್ದರು. ಬಸ್ಸು ತಡವಾದರೆ ಯಾರೋ ಮನೆಗೆ ಬರುತ್ತೇನೆಂದು ಮಾತು ಕೊಟ್ಟು ಕೈಕೊಟ್ಟಷ್ಟು ಕೋಪ ಅವಳಿಗೆ. ಆ ಕೋಪ ಮೈಕಿನಲ್ಲೂ ಕೇಳುತ್ತಿತ್ತು. "ತಡವಾಗಿ ಬರಲಿದೆ" ಎಂದು ಅವಳು ಹೇಳಿದ ಮೇಲೆ ಒಳಗೆ ಬಂದ ಡ್ರೈವರು ತಲೆ ಎತ್ತದೆ ಇಳಿದು ಹೋಗುತ್ತಿದ್ದನಂತೆ. ಮೇಲಿನವರು ಎಷ್ಟೋ ಸಲ ಕರೆದು, "ಸ್ವಲ್ಪ ನಗುಮುಖದಿಂದ ಹೇಳೀಮ್ಮ" ಎಂದಿದ್ದರು. "ಮೈಕಿಗೆ ಮುಖ ಕಾಣಲ್ಲ ಸಾರ್" ಎಂದು ಹೇಳಿ ಬಂದಿದ್ದಳು.

ಒಂದು ದಿನ ಅವಳನ್ನು ಗೋಡೆಗೆಲ್ಲ ಮೆತ್ತೆ ಹೊಡೆದ ಒಂದು ಕೋಣೆಗೆ ಕರೆದುಕೊಂಡು ಹೋದರು. ನೀವು ರಜೆ ಹಾಕಿದಾಗ ತೊಂದರೆಯಾಗುತ್ತದೆ, ನಿಮ್ಮ ಧ್ವನಿ ನಮ್ಮ ಹತ್ತಿರ ಇರಲಿ ಎಂದರು. ಚಿಕ್ಕಮ್ಮನಿಗೆ ಹೆಮ್ಮೆಯಾಯಿತು. ಅಂಕಿಗಳನ್ನು ಬಿಡಿಬಿಡಿಯಾಗಿ ಓದಿದಳು. ಊರುಗಳ ಹೆಸರು ಓದಿದಳು. "ಹೊರಡಲಿದೆ" ಓದಿದಳು, "ತಡವಾಗಿ ಬರಲಿದೆ" ಓದಿದಳು, "ದಯವಿಟ್ಟು ಕ್ಷಮಿಸಿ" ಕೂಡ ಓದಿದಳು. ಅವತ್ತು ಖುಷಿಯಲ್ಲಿದ್ದಳಲ್ಲ, ಎಲ್ಲವನ್ನೂ ನಗುನಗುತ್ತಾ ಓದಿಬಿಟ್ಟಳು. ಅದಾಗಿ ಸ್ವಲ್ಪ ದಿನಕ್ಕೆ, ಕೆಲಸಕ್ಕೆಂದು ಹೋದರೆ ಗಾಜಿನ ಗೂಡಿನ ಬೀಗ ಬದಲಾಗಿತ್ತು. ಇನ್ನು ಬರಬೇಕಾಗಿಲ್ಲ ಎಂದು ಬಾಗಿಲ ಹತ್ತಿರವೇ ನಿಲ್ಲಿಸಿ ಹೇಳಿದರು. ಅವಳು ಅಲ್ಲೇ ಗರಬಡಿದ ಹಾಗೆ ನಿಂತಿರುವಾಗ ತಲೆಯ ಮೇಲಿನ ಸ್ಪೀಕರಿನಲ್ಲಿ ಅವಳದೇ ಧ್ವನಿ, ಯಾವುದೋ ಬಸ್ಸು ತಡವಾಗಿದೆ, ದಯವಿಟ್ಟು ಕ್ಷಮಿಸಿ ಎಂದು ಮದುವೆಗೆ ಕರೆಯುವಷ್ಟು ಖುಷಿಯಾಗಿ ಹೇಳಿತು.

ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ. ಕೆಲಸದಿಂದ ತೆಗೆದದ್ದಕ್ಕಿಂತ ಹೆಚ್ಚಾಗಿ, ಅವಳ ಕೈಯಿಂದಲೇ ಅವಳ ಕತ್ತು ಕುಯ್ಯಿಸಿದರಲ್ಲ, ಅದಕ್ಕೆ. ಚಿಕ್ಕಮ್ಮ ಅವತ್ತಿನಿಂದ ಆ ನಿಲ್ದಾಣಕ್ಕೆ ಕಾಲಿಡಲಿಲ್ಲ. ಬಸ್ಸು ಹತ್ತಬೇಕಾದರೆ ಮುಂದಿನ ನಿಲುಗಡೆಯವರೆಗೆ ನಡೆದುಕೊಂಡು ಹೋಗಿ ಹತ್ತುತ್ತಿದ್ದಳು.

ಆಮೇಲೆ ಸಿಕ್ಕಿದ್ದು ಓದುವ ಕೆಲಸ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ ಕೊಡುವ ಒಂದು ಸಂಸ್ಥೆ. ಮನೆಯಲ್ಲೇ ಕೂತು ಓದಬೇಕು, ಲ್ಯಾಪ್‌ಟಾಪಿನಲ್ಲಿ ರೆಕಾರ್ಡು ಮಾಡಿ ಕಳಿಸಬೇಕು. ಸದ್ದು ಬರಬಾರದು ಎಂದು ಚಿಕ್ಕಪ್ಪ ಮಲಗುವ ಕೋಣೆಯ ದೊಡ್ಡ ಮರದ ಕಪಾಟನ್ನು ಖಾಲಿ ಮಾಡಿ, ಒಳಗೆಲ್ಲ ಮನೆಯ ಕಂಬಳಿಗಳನ್ನು ಮೊಳೆ ಹೊಡೆದು ತೂಗುಹಾಕಿದರು. ಒಂದು ಮೋಟು ಸ್ಟೂಲು, ಒಂದು ಪುಟ್ಟ ದೀಪ, ಲ್ಯಾಪ್‌ಟಾಪಿಗೆ ಸಿಕ್ಕಿಸುವ ಒಂದು ಮೈಕು. ಚಿಕ್ಕಮ್ಮ ತೊಡೆಯ ಮೇಲೆ ಕೆಂಪು ಕಂಬಳಿ ಮಡಿಸಿಟ್ಟು, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕೈಯಲ್ಲಿ ಪುಸ್ತಕ ಹಿಡಿದು, ಬಾಗಿಲು ಎಳೆದುಕೊಂಡು ಓದುತ್ತಿದ್ದಳು. ಬೆವರಿಳಿಸಿಕೊಂಡು ಹೊರಗೆ ಬಂದಾಗ ಮುಖ ಕೆಂಪಗಿರುತ್ತಿತ್ತು, ಆದರೆ ಕಣ್ಣಿನಲ್ಲಿ ಹಳೆಯ ಮೈಕಮ್ಮನ ಗತ್ತು ವಾಪಸು ಬಂದಿತ್ತು.

ಈಗ ಓದುತ್ತಿದ್ದುದು ಕಾರ್ಮಿಕ ಕಾನೂನಿನ ದಪ್ಪ ಪುಸ್ತಕ. ಕಾನೂನು ಓದುವ ಒಬ್ಬ ಹುಡುಗಿಗೆ ಬೇಕಾಗಿತ್ತು. ಅವಳಿಗೆ ಹುಟ್ಟಿನಿಂದ ಕಣ್ಣಿಲ್ಲ, ಪರೀಕ್ಷೆ ಹತ್ತಿರ ಬಂದಿತ್ತು. ಇಷ್ಟೇ ಚಿಕ್ಕಮ್ಮನಿಗೆ ಗೊತ್ತಿದ್ದದ್ದು. ಅಷ್ಟಕ್ಕೇ ಅವಳು ತನ್ನದೇ ಮಗಳು ಪರೀಕ್ಷೆಗೆ ಕೂರುವ ಹಾಗೆ ಆಡುತ್ತಿದ್ದಳು.

ಸಂಸ್ಥೆಯಲ್ಲಿ ರೆಕಾರ್ಡು ಪರೀಕ್ಷಿಸುವ ಒಬ್ಬ ಮಹಾಶಯ ಇದ್ದ. ಅವನು ಒಂದು ಪಾಠ ವಾಪಸು ಕಳಿಸಿದ. ಹಿಂದೆ ಗುಂಯ್ ಎನ್ನುವ ಸದ್ದಿದೆಯಂತೆ. ಚಿಕ್ಕಮ್ಮ ಇನ್ನೊಮ್ಮೆ ಓದಿದಳು. ಮತ್ತೆ ವಾಪಸು, ಮತ್ತೆ ಗುಂಯ್. ಅವನ ಹೆಸರೇ ನಮ್ಮ ಮನೆಯಲ್ಲಿ ಗುಂಯ್ ಆಯಿತು. ಸದ್ದು ಲ್ಯಾಪ್‌ಟಾಪಿನ ಫ್ಯಾನಿನದು, ಅದು ಓದು ಶುರುವಾದ ಸ್ವಲ್ಪ ಹೊತ್ತಿಗೆಲ್ಲ ಹಿಟ್ಟಿನ ಗಿರಣಿಯ ಹಾಗೆ ತಿರುಗುತ್ತಿತ್ತು. ಕೊನೆಗೆ ಗುಂಯ್ ಫೋನು ಮಾಡಿ ಹೇಳಿದ: "ನೋಡೀಮ್ಮ, ಉಳಿದ ಪಾಠಗಳು ಸೋಮವಾರ ಬೆಳಿಗ್ಗೆ ನನ್ನ ಕೈಲಿರ್ಬೇಕು. ಇಲ್ಲಾಂದ್ರೆ ಯಂತ್ರದ ಧ್ವನಿಯಲ್ಲೇ ಓದಿಸ್ತೀವಿ. ಹೇಗೂ ಇನ್ನು ಮುಂದೆ ಎಲ್ಲಾ ಹಾಗೇ ಮಾಡೋಣ ಅಂತ ಮಾತು ನಡೀತಿದೆ."

ಒಂದು ಯಂತ್ರ ಒಮ್ಮೆ ಅವಳನ್ನು ಮನೆಗೆ ಕಳಿಸಿ ಆಗಿತ್ತು. ಈಗ ಇನ್ನೊಂದು, ಮನೆಯ ಕಪಾಟಿನಿಂದಲೂ ಎಬ್ಬಿಸಲು ಬಂದಿತ್ತು. ಚಿಕ್ಕಮ್ಮ ಅವತ್ತು ಊಟ ಮಾಡಲಿಲ್ಲ. ಮಾಡಿದವರನ್ನೂ ಬಿಡಲಿಲ್ಲ.

ವಿಚಿತ್ರವೆಂದರೆ, ಮಾರನೆಯ ದಿನ ಫ್ಯಾನಿನ ಸದ್ದು ಅರ್ಧಕ್ಕರ್ಧ ಇಳಿದಿತ್ತು. ಬೈಗುಳ ತಿಂದು ಬುದ್ಧಿ ಬಂತು ಎಂದುಕೊಂಡಳು. ಆದರೆ ಲ್ಯಾಪ್‌ಟಾಪ್ ಹೊಸ ವರಸೆ ಶುರು ಮಾಡಿತು. ಪಾಠದ ಮಧ್ಯದಲ್ಲಿ, ಹೇಳದೆ ಕೇಳದೆ, ಪಕ್ಕೆಂದು ಆರಿಹೋಗುವುದು. ಅಲ್ಲಿಯವರೆಗೆ ಓದಿದ್ದೂ ಹೋಯಿತು. ರಿಪೇರಿ ಅಂಗಡಿಗೆ ಒಯ್ದಳು. ಅಂಗಡಿಯವನು ಅದನ್ನು ಬಿಚ್ಚಲಿಲ್ಲ, ತಿರುಗಿಸಿಯೂ ನೋಡಲಿಲ್ಲ, ಕಿವಿಯಿಂದ ಫೋನು ಕೆಳಗಿಳಿಸದೆ, "ಹಳೇದಾಗಿದೆ ಆಂಟಿ, ಹೊಸದು ತಗೊಳ್ಳಿ" ಎಂದ. "ಹಳೇದೆಲ್ಲ ಬಿಸಾಕೋ ಹಾಗಿದ್ರೆ ಮೊದಲು ನಿನ್ನ ಅಂಗಡಿ ಬೋರ್ಡು ಬಿಸಾಕು" ಎಂದು ಹೇಳಿ ವಾಪಸು ತಂದಳಂತೆ. ಆ ಬೋರ್ಡು ನಾನೂ ನೋಡಿದ್ದೇನೆ, ಅರ್ಧ ಅಕ್ಷರ ಉದುರಿವೆ.

ನಾನು ಹೋದಾಗ ಬಾಗಿಲು ತೆಗೆದದ್ದು ಚಿಕ್ಕಪ್ಪ. ನೀರಿನ ಇಲಾಖೆಯಲ್ಲಿ ಪೈಪು ರಿಪೇರಿ ಮಾಡಿ ನಿವೃತ್ತರಾದವರು. ಮಾತು ಕಡಿಮೆ. ಮನೆಯಲ್ಲಿ ಎಲ್ಲಾದರೂ ಒಂದು ಹನಿ ಸೋರಿದರೆ ಅವರಿಗೆ ನಿದ್ದೆ ಬರುವುದಿಲ್ಲ. "ಒಳಗಿದ್ದಾಳೆ" ಎಂದು ಕಣ್ಣಿನಲ್ಲೇ ಎಚ್ಚರಿಸಿದರು.

ಅಡುಗೆಮನೆಯ ಮೇಜಿನ ಮೇಲೆ ಕಂಡ ದೃಶ್ಯಕ್ಕೆ ನನ್ನ ಪಿತ್ತ ನೆತ್ತಿಗೇರಿತು. ಲ್ಯಾಪ್‌ಟಾಪಿನ ಕೆಳಗೆ ಒದ್ದೆ ಬಟ್ಟೆ ಹಾಸಿತ್ತು.

"ಇದ್ಯಾರ ಬುದ್ಧಿ?"

"ಜ್ವರ ಬಂದಿದೆಯಲ್ಲ ಅಂತ ನಾನೇ ಹಾಕಿದೆ" ಎಂದರು ಚಿಕ್ಕಪ್ಪ.

"ಕರೆಂಟಿನ ವಸ್ತು ಚಿಕ್ಕಪ್ಪ ಅದು! ಮಗು ಅಲ್ಲ! ನೀರು ಒಳಗಿಳಿದ್ರೆ ಸೋಮವಾರ ಅಲ್ಲ, ಯಾವ ವಾರಾನೂ ಏಳಲ್ಲ."

"ಹೇಳು, ಹೇಳು, ನೀನಾದ್ರೂ ಹೇಳು" ಎಂದಳು ಒಳಗಿನಿಂದ ಬಂದ ಚಿಕ್ಕಮ್ಮ. "ಇವರಿಗೆ ಎಲ್ಲದಕ್ಕೂ ನೀರೇ ಔಷಧಿ."

ನಾನು ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. ಕಂಪ್ಯೂಟರು ಬಿಚ್ಚುವುದನ್ನು ಯಾರೂ ಹೇಳಿಕೊಟ್ಟಿಲ್ಲ. ಕ್ಲಿನಿಕ್ಕಿನ ಹಳೆಯದೊಂದನ್ನು ವಿಡಿಯೋ ನೋಡಿಕೊಂಡು ಸರಿ ಮಾಡಲು ಹೋಗಿ, ಮೊದಲ ಸಲ ಕೆಡಿಸಿ, ಎರಡನೆಯ ಸಲ ಸರಿ ಮಾಡಿದ್ದೆ. ಅಷ್ಟೇ ನನ್ನ ವಿದ್ಯೆ. ಅವತ್ತು ಮಿಕ್ಕಿದ್ದ, ಕಂಪ್ಯೂಟರಿನೊಳಗೆ ಹಚ್ಚುವ ಪೇಸ್ಟಿನ ಟ್ಯೂಬು, ಸಣ್ಣ ಬ್ರಷ್ಷು, ಚಿಮುಟ, ಗಾಳಿ ಊದುವ ರಬ್ಬರಿನ ಬುರುಡೆ, ಬಾಯೊಳಗೆ ನೋಡುವ ಪುಟ್ಟ ಕನ್ನಡಿ ಎಲ್ಲ ಚೀಲದಲ್ಲಿ ತಂದಿದ್ದೆ.

ಮೊದಲು ಮೇಜು ಒರೆಸಿ ಒಣಗಿಸಿದೆ. ಲ್ಯಾಪ್‌ಟಾಪ್ ಪೂರ್ತಿ ಆರಿಸಿ, ವಯರು ಕಿತ್ತು, ಮಗುಚಿ ಹಾಕಿದೆ. ಕೆಳಗಿನ ಸ್ಕ್ರೂಗಳು ಒಂದರ ಹಾಗೆ ಒಂದಿಲ್ಲ. ಒಂದು ಉದ್ದ, ಒಂದು ಗಿಡ್ಡ, ಎರಡು ರಬ್ಬರಿನ ಕಾಲಿನ ಕೆಳಗೆ ಬಚ್ಚಿಟ್ಟುಕೊಂಡಿವೆ. ಇದನ್ನು ಮಾಡಿದವನ ಮನೆ ಹಾಳಾಗಲಿ, ಎಲ್ಲ ಒಂದೇ ಅಳತೆಯಲ್ಲಿ ಮಾಡಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಹಾಳೆಯ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಯದೋ ಅಲ್ಲೇ ಚುಚ್ಚಿಟ್ಟೆ. ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚನ್ನು ಸಂದಿಯಲ್ಲಿ ತೂರಿಸಿ ಮೆಲ್ಲಗೆ ಎಬ್ಬಿಸಿದೆ. ಒಂದು ಮೂಲೆಯಲ್ಲಿ ಟಕ್ ಎಂದಿತು.

"ಮುರೀತಾ?" ಎಂದಳು ಚಿಕ್ಕಮ್ಮ.

"ಮುರೀತು. ಸಣ್ಣ ಕೊಂಡಿ. ಅದಿಲ್ಲದಿದ್ರೂ ನಡೆಯುತ್ತೆ."

"ನನ್ನ ಹಾಗೆ" ಎಂದಳು. ನಗಲಿಲ್ಲ.

ಮುಚ್ಚಳ ತೆಗೆದು, ಬ್ಯಾಟರಿಯ ಕೊಂಡಿ ಬಿಡಿಸಿ ನೋಡಿದರೆ, ಫ್ಯಾನಿನ ಸುತ್ತ ಕೆಂಪು ಜುಂಗು. ಫ್ಯಾನು ಬಿಸಿಗಾಳಿಯನ್ನು ಹೊರಗೆ ತಳ್ಳುವ ಕಡೆ ಬಾಚಣಿಗೆಯ ಹಲ್ಲಿನಂಥ ತೆಳ್ಳಗಿನ ಲೋಹದ ಪಟ್ಟಿಗಳಿರುತ್ತವೆ. ಆ ಹಲ್ಲುಗಳ ಸಂದಿಗೆಲ್ಲ ಜುಂಗು ತುಂಬಿ, ಧೂಳು ಸೇರಿ, ಒತ್ತಿ ಒತ್ತಿ, ಗಟ್ಟಿ ಬಟ್ಟೆಯೇ ಆಗಿಹೋಗಿತ್ತು. ಚಿಮುಟದಲ್ಲಿ ಹಿಡಿದು ಎಳೆದರೆ ಇಡೀ ಪಟ್ಟಿಯಾಗಿ ಎದ್ದು ಬಂತು. ಚಿಕ್ಕಮ್ಮ ಅದನ್ನು ಬೆರಳಿನಲ್ಲಿ ಹಿಡಿದು ನೋಡಿದಳು.

"ಇದು ನನ್ನ ಕಂಬಳಿ."

"ಹೌದು. ದಿನಾ ತೊಡೆ ಮೇಲೆ ಕಂಬಳಿ, ಸುತ್ತ ಕಂಬಳಿ, ಬಾಗಿಲು ಮುಚ್ಚಿ. ಅದಕ್ಕೆ ಉಸಿರಾಡೋಕೆ ಗಾಳಿ ಎಲ್ಲಿದೆ? ಕೆಳಗಿನ ತೂತಿನಿಂದ ಗಾಳಿ ಎಳೆಯೋ ಬದಲು ಉಣ್ಣೆ ಎಳೀತಿತ್ತು."

"ಸದ್ದು ಬರಬಾರದು ಅಂತ ತಾನೇ ಮಾಡಿದ್ದು? ಆ ಗುಂಯ್ ಮುಂಡೇಗಂಡನಿಗೋಸ್ಕರ! ನಾನೂ ಅದರೊಳಗೆ ಉಸಿರು ಕಟ್ಟಿಯೇ ಕೂತಿರ್ತೀನಲ್ಲ, ನಾನೇನಾದ್ರೂ ಮಧ್ಯದಲ್ಲಿ ಆರಿಹೋದ್ನಾ?"

ಫ್ಯಾನಿನ ರೆಕ್ಕೆ ತಿರುಗದ ಹಾಗೆ ಒಂದು ಕಡ್ಡಿ ಅಡ್ಡ ಹಿಡಿದು ಗಾಳಿ ಊದಿದೆ, ಬ್ರಷ್ಷಿನಿಂದ ಹಲ್ಲುಜ್ಜಿದ ಹಾಗೆ ಪಟ್ಟಿಗಳನ್ನು ಉಜ್ಜಿದೆ. ಕಾವನ್ನು ಫ್ಯಾನಿನವರೆಗೆ ಒಯ್ಯುವ ತಾಮ್ರದ ನಳಿಗೆಯನ್ನು ಬಿಚ್ಚಿದರೆ, ಕೆಳಗೆ ಲ್ಯಾಪ್‌ಟಾಪಿನ ಮಿದುಳಾದ ಚಿಪ್ಪಿನ ಮೇಲಿನ ಪೇಸ್ಟು ಒಣಗಿ ಸುಣ್ಣವಾಗಿತ್ತು. ಚಿಪ್ಪಿನ ಕಾವು ತಾಮ್ರಕ್ಕೆ ದಾಟಬೇಕಾದರೆ ಈ ಪೇಸ್ಟು ಹಸಿಯಾಗಿರಬೇಕು. ಹಳೆಯದನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಅಕ್ಕಿಕಾಳಿನಷ್ಟು ಹೊಸದು ಇಟ್ಟು, ನಳಿಗೆಯನ್ನು ಮೇಲೆ ಕೂರಿಸಿ ಬಿಗಿದೆ. ಚಿಕ್ಕಪ್ಪ ಪಕ್ಕದಲ್ಲಿ ನಿಂತು ಟಾರ್ಚು ಹಿಡಿದಿದ್ದರು. ಏನೋ ಹೇಳಬೇಕು ಎಂದು ಬಾಯಿ ತೆರೆಯುವುದು, ಚಿಕ್ಕಮ್ಮನ ಮುಖ ನೋಡಿ ಮುಚ್ಚುವುದು, ಹೀಗೆ ಮಾಡುತ್ತಿದ್ದರು. ನಾನು ಗಮನ ಕೊಡಲಿಲ್ಲ.

ಎಲ್ಲ ಜೋಡಿಸಿ ಚಾಲೂ ಮಾಡಿದೆ. ಗಟ್ಟಿ ಮೇಜಿನ ಮೇಲೆ, ಹಿಂದುಗಡೆ ಎರಡು ಬಾಟಲಿ ಮುಚ್ಚಳ ಕೊಟ್ಟು ಎತ್ತರಿಸಿ ಇಟ್ಟೆ. ಬೆನ್ನು ತಟ್ಟಿಕೊಳ್ಳುವಷ್ಟರಲ್ಲಿ ಕೈಗೆ ಬಿಸಿ ತಾಗಿತು. ಇನ್ನು ಸ್ವಲ್ಪ ಹೊತ್ತಿಗೆ ಮತ್ತೆ ಸುಡತೊಡಗಿತು. ನೋಡುನೋಡುತ್ತಿದ್ದಂತೆ ಪಕ್ಕೆಂದು ಆರಿತು.

ನನಗೆ ಅಳು ಬರಬೇಕಿತ್ತು. ಬಂದದ್ದು ಬೈಗುಳ. ಮಾಡಿದವನನ್ನು, ಮಾರಿದವನನ್ನು, ಅಂಗಡಿಯವನನ್ನು, ಗುಂಯ್‌ನನ್ನು, ಬಸ್ ನಿಲ್ದಾಣದವರನ್ನು, ಎಲ್ಲರನ್ನೂ ಬಾಯಿಗೆ ಬಂದ ಹಾಗೆ ಬೈದೆ. ಚಿಕ್ಕಮ್ಮ ಸುಮ್ಮನೆ ಕೂತಿದ್ದಳು. ಅದೇ ನನಗೆ ಹೆದರಿಕೆಯಾದದ್ದು. "ಬಿಡು ಕಣೆ" ಎಂದಳು. "ಯಂತ್ರಾನೇ ಓದ್ಲಿ." ಅವಳ ಬಾಯಿಂದ ಬಿಡು ಎನ್ನುವ ಮಾತನ್ನು ನಾನು ಅದೇ ಮೊದಲ ಸಲ ಕೇಳಿದ್ದು.

ಬಿಡುವವಳು ನಾನಲ್ಲ. ಬಿಸಿಗಾಳಿ ಹೊರಗೆ ಬರಲೇಬೇಕಲ್ಲ, ಎಲ್ಲಿ ಹೋಗುತ್ತಿದೆ ಅದು? ಹಿಂಭಾಗಕ್ಕೆ ಕೈ ಹಿಡಿದಾಗ ಒಂದು ಸುಳಿಯೂ ತಾಗಿರಲಿಲ್ಲ. ಪರದೆ ಮಡಚುವ ಕೀಲಿನ ಕೆಳಗೆ, ಕಣ್ಣಿಗೆ ಕಾಣದ ಜಾಗದಲ್ಲಿ ಗಾಳಿಯ ಕಿಂಡಿ ಇರುತ್ತದೆ. ಬಾಯೊಳಗೆ ನೋಡುವ ಕನ್ನಡಿಯನ್ನು ಅಲ್ಲಿ ಹಿಡಿದೆ. ಟಾರ್ಚು ತನ್ನಿ ಚಿಕ್ಕಪ್ಪ ಎಂದೆ. ಟಾರ್ಚು ಬರಲಿಲ್ಲ. ತಿರುಗಿ ನೋಡಿದರೆ ಅವರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು.

ಕಿಂಡಿಯ ಉದ್ದಕ್ಕೂ ಕಪ್ಪು ಟೇಪು. ಕಪ್ಪು ಲ್ಯಾಪ್‌ಟಾಪಿನ ಮೇಲೆ ಕಪ್ಪು ಟೇಪು, ಪದರದ ಮೇಲೆ ಪದರ, ಅಂಚು ಎಲ್ಲೂ ಏಳದ ಹಾಗೆ ಉಗುರಿನಿಂದ ತೀಡಿ ಕೂರಿಸಿದ್ದು. ಇಂಥ ಅಚ್ಚುಕಟ್ಟು ಕೆಲಸ ಮಾಡುವವರು ಈ ಮನೆಯಲ್ಲಿ ಒಬ್ಬರೇ.

"ರೀ" ಎಂದಳು ಚಿಕ್ಕಮ್ಮ. ಆ ಒಂದು ಅಕ್ಷರಕ್ಕೆ ಪಾತ್ರೆಗಳು ನಡುಗಬೇಕು.

"ಸದ್ದು ಅಲ್ಲಿಂದ ಸೋರ್ತಿತ್ತು" ಎಂದರು ಚಿಕ್ಕಪ್ಪ. "ಕಿವಿ ಇಟ್ಟು ನೋಡಿದೆ. ಅಲ್ಲೇ ಸೋರ್ತಿದ್ದದ್ದು. ಮುಚ್ಚಿದೆ."

"ಸೋರ್ತಿತ್ತಾ? ಇದೇನು ನಲ್ಲೀನಾ? ಮೂಗು ಮುಚ್ಚಿ ಕೊಂದಿದ್ದೀರಲ್ರೀ ಅದನ್ನ! ನಾನು ಹುಚ್ಚಿ ಹಾಗೆ ಓದಿದ್ದನ್ನೇ ಓದಿ ಸಾಯ್ತಿದ್ರೆ, ನೀವು ಬಾಯಿಗೆ ಬೀಗ ಹಾಕ್ಕೊಂಡು ಟಾರ್ಚು ಹಿಡಿದು ನಿಂತಿದ್ರಾ? ಒಂದು ಮಾತು ಹೇಳೋಕೇನು ಧಾಡಿ?"

"ಮೊದ್ಲು ಇದರಿಂದ ಅಂತ ಗೊತ್ತಾಗ್ಲಿಲ್ಲ ಕಣೇ. ಆಮೇಲೆ ಅನುಮಾನ ಬಂತು. ಹೇಳಿದ್ರೆ..."

"ಹೇಳಿದ್ರೆ ಏನು, ನುಂಗಿಬಿಡ್ತಿದ್ನಾ?"

ಚಿಕ್ಕಪ್ಪ ಆಗ ತಿರುಗಿದರು. ಅವರ ಮುಖದಲ್ಲಿ ನಾನು ಸಿಟ್ಟು ಕಂಡದ್ದು ಅವತ್ತೇ. "ಅವನು ಫೋನಲ್ಲಿ ನಿನಗೆ ಹೇಳಿದ್ದು ನನಗೂ ಕೇಳಿಸ್ತು. ಅವತ್ತು ಬಸ್ ಸ್ಟ್ಯಾಂಡಿಂದ ನೀನು ಬಂದು ಈ ಕುರ್ಚಿ ಮೇಲೆ ಕೂತಿದ್ದು ನೋಡಿದವನು ನಾನು. ಇನ್ನೊಂದು ಸಲ ಅದನ್ನ ನನ್ನ ಕೈಲಿ ನೋಡೋಕಾಗಲ್ಲ. ಅದಕ್ಕೆ ಮುಚ್ಚಿದೆ. ತಪ್ಪಾಯ್ತು. ಆದ್ರೆ ಸುಮ್ನೆ ಕೂರೋಕಾಗ್ಲಿಲ್ಲ."

ಚಿಕ್ಕಮ್ಮ ಕರಗಲಿಲ್ಲ. ಕರಗಿದ್ದರೆ ಅವಳು ಚಿಕ್ಕಮ್ಮನೇ ಅಲ್ಲ. "ಮುಖ ಊದಿಸ್ಕೊಂಡು ನಿಂತಿದ್ರೆ ಟೇಪು ತಾನಾಗಿ ಬಿಡುತ್ತಾ? ಬಂದು ಕೀಳ್ರಿ" ಎಂದಳು. ಆದರೆ ಅವರು ಕೀಳುವಾಗ ಅವರ ಕೈಯಿಂದ ಟಾರ್ಚು ತೆಗೆದುಕೊಂಡು ತಾನೇ ಹಿಡಿದಳು.

ಟೇಪು ಬಿಟ್ಟಿತು. ಚಾಲೂ ಮಾಡಿದರೆ ಕಿಂಡಿಯಿಂದ ಬಿಸಿಗಾಳಿ ಭರ್ರನೆ ಬಂತು. ಎಷ್ಟು ಹೊತ್ತಾದರೂ ಆರಲಿಲ್ಲ, ಮುಟ್ಟಿದರೆ ಬೆಚ್ಚಗೆ ಅಷ್ಟೇ. ಆದರೆ ಉಸಿರಾಡುವುದಕ್ಕೆ ಸದ್ದಿರುತ್ತದಲ್ಲ. ಮೊದಲಿನ ಗಿರಣಿಯಲ್ಲ, ಆದರೂ ಗುಂಯ್‌ನ ಕಿವಿಗೆ ಸಾಕಾಗುವಷ್ಟಿತ್ತು. ಕಪಾಟಿನೊಳಗೆ ಇಟ್ಟರೆ ಕಾವು ಮತ್ತು ಸದ್ದು, ಹೊರಗೆ ಇಟ್ಟರೆ ಮೈಕಿನ ವಯರು ಮೊಳದುದ್ದ ಕೂಡ ಇಲ್ಲ. ಮೂವರೂ ಒಬ್ಬರ ಮೇಲೊಬ್ಬರು ಕೂಗಾಡಿದೆವು. ಕೂಗಾಟದ ಮಧ್ಯೆ ಚಿಕ್ಕಪ್ಪ ಎದ್ದು ಹೋಗಿ ಉದ್ದ ವಯರು ತಂದರು. ಕಪಾಟಿನ ಬಾಗಿಲಿಗೆ ಡ್ರಿಲ್ಲಿನಿಂದ ತೂತು ಕೊರೆದು, ವಯರು ತೂರಿಸಿ, ಸುತ್ತ ರಬ್ಬರಿನ ವಾಷರು ಕೂರಿಸಿ, ಗಾಳಿ ಹೋಗದ ಹಾಗೆ ಬಿಗಿ ಮಾಡಿದರು. ಈ ಸಲ ಮುಚ್ಚಬೇಕಾದ ತೂತನ್ನೇ ಮುಚ್ಚಿದ್ದರು.

ಲ್ಯಾಪ್‌ಟಾಪ್ ಹೊರಗೆ ಕೋಣೆಯ ಆ ತುದಿಯ ಮೇಜಿನ ಮೇಲೆ. ಚಿಕ್ಕಮ್ಮ ಒಳಗೆ. ಬಟನ್ನು ಒತ್ತುವ ಕೆಲಸ ಚಿಕ್ಕಪ್ಪನದು. ಒಳಗಿನಿಂದ ಒಮ್ಮೆ ಬಡಿದರೆ ಶುರು, ಎರಡು ಸಲ ಬಡಿದರೆ ನಿಲ್ಲಿಸುವುದು. ಭಾನುವಾರ ಇಡೀ ದಿನ ಹೀಗೆ ನಡೆಯಿತು. "ಒತ್ತಿದ್ರಾ?" ಎಂದು ಒಳಗಿನಿಂದ ಒಂದು ಗುಡುಗು. ಒತ್ತಿದ ಮೇಲೆ ಕೇಳಿದ್ದರಿಂದ ಅದೂ ರೆಕಾರ್ಡಾಗಿ, ಅಳಿಸಿ ಮತ್ತೆ ಮೊದಲಿನಿಂದ. ಒಂದೊಂದಾಗಿ ಪಾಠಗಳು ಮುಗಿದವು.

ಕೊನೆಯ ಪಾಠ ಕೆಲಸದಿಂದ ತೆಗೆಯುವುದರ ಬಗ್ಗೆ. ಬಾಗಿಲಿನಾಚೆಯಿಂದ ಅವಳ ಧ್ವನಿ ಹೂತಿಟ್ಟ ಹಾಗೆ ಕೇಳುತ್ತಿತ್ತು. "ಕಾರಣವನ್ನು ತಿಳಿಸದೆ, ಮುಂಚಿತವಾಗಿ ನೋಟೀಸು ಕೊಡದೆ, ಕಾರ್ಮಿಕರನ್ನು ಕೆಲಸದಿಂದ ತೆಗೆಯುವಂತಿಲ್ಲ" ಎಂದು ಓದಿದಳು. ಆಮೇಲೆ ಸದ್ದಿಲ್ಲ. ನಾವಿಬ್ಬರೂ ಕಪಾಟನ್ನೇ ನೋಡುತ್ತಾ ಕೂತೆವು.

"ತೆಗೆಯುವಂತಿಲ್ವಂತೆ!" ಎಂದು ಒಳಗಿನಿಂದ ಬಂತು. "ಯಾರಿಗೆ ಹೇಳ್ತಿದ್ದೀಯ ಇದನ್ನ? ನನ್ನನ್ನ ತೆಗೆದಾಗ ಎಲ್ಲಿ ಮಲಗಿತ್ತು ನಿನ್ನ ಕಾನೂನು? ಬೀಗ ಬದಲಾಯಿಸಿ, ಬಾಗಿಲಲ್ಲಿ ನಿಲ್ಲಿಸಿ ಹೇಳಿ ಕಳಿಸಿದ್ರಲ್ಲ, ಅದ್ಯಾವ ನೋಟೀಸು? ನನ್ನ ಧ್ವನಿ ಇಟ್ಕೊಂಡು ನನ್ನನ್ನ ಬೀದಿಗೆ ತಳ್ಳೋದಕ್ಕೆ ಯಾವ ಪುಟದಲ್ಲಿ ಬರೆದಿದ್ದೀಯ, ತೋರಿಸು!"

ಚಿಕ್ಕಪ್ಪನ ಬೆರಳು ಬಟನ್ನಿನ ಮೇಲೇ ಇತ್ತು. ನಿಲ್ಲಿಸಿ ಎಂದು ಸನ್ನೆ ಮಾಡಿದೆ. "ಅವಳು ಎರಡು ಸಲ ಬಡಿದಿಲ್ಲವಲ್ಲ" ಎಂದು ಪಿಸುಗುಟ್ಟಿದರು. ಸ್ವಲ್ಪ ಹೊತ್ತಿಗೆ ಒಳಗೆ ಮೂಗು ಏರಿಸಿದ ಸದ್ದು, ಗಂಟಲು ಸರಿಮಾಡಿಕೊಂಡ ಸದ್ದು. ಮುಂದಿನ ಸಾಲು ಶುರುವಾಯಿತು.

ಆ ತುಂಡನ್ನು ಕತ್ತರಿಸಿ ತೆಗೆಯುವ ಕೆಲಸ ನನ್ನದು. ನಾನು ಕತ್ತರಿಸಲಿಲ್ಲ. ಮರೆತು ಬಿಟ್ಟದ್ದಲ್ಲ, ಸಿಟ್ಟಿನಿಂದ ಬಿಟ್ಟದ್ದು. ಅವಳ ಬದುಕಿನಿಂದ ಬೇರೆಯವರು ಕತ್ತರಿಸಿದ್ದೇ ಸಾಕಾಗಿತ್ತು ನನಗೆ. ಸೋಮವಾರ ಬೆಳಿಗ್ಗೆ ಗುಂಯ್‌ನ ಉತ್ತರ ಬಂತು: "ಹಿಂದಿನ ಸದ್ದು ಇಲ್ಲ. ಚೆನ್ನಾಗಿದೆ." ಆ ಪುಣ್ಯಾತ್ಮ ಯಾವತ್ತೂ ಕೇಳುತ್ತಿದ್ದದ್ದು ಹಿಂದಿನ ಸದ್ದನ್ನು ಮಾತ್ರ. ಓದಿದ್ದು ಏನು ಎಂದು ಒಂದು ದಿನವೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಕೇಳಿಸಿಕೊಂಡವಳು ಬೇರೆ ಇದ್ದಳು. ಪರೀಕ್ಷೆ ಮುಗಿದ ದಿನ ಆ ಹುಡುಗಿ ಸಂಸ್ಥೆಯಿಂದ ನಂಬರು ತೆಗೆದುಕೊಂಡು ಚಿಕ್ಕಮ್ಮನಿಗೆ ಫೋನು ಮಾಡಿದಳು. ಪರೀಕ್ಷೆ ಚೆನ್ನಾಗಿ ಆಯಿತು, ನಾಳೆ ಊರಿಗೆ ಹೊರಟಿದ್ದೇನೆ, ಅದಕ್ಕೆ ಮೊದಲು ನಿಮ್ಮನ್ನು ಒಮ್ಮೆ ನೋಡಬೇಕು ಎಂದಳಂತೆ. "ಬಸ್ ಸ್ಟ್ಯಾಂಡಿಗೆ ಯಾರು ಬಿಡ್ತಾರೆ ನಿನ್ನ?" ಎಂದು ಕೇಳಿದಳು ಚಿಕ್ಕಮ್ಮ. ಯಾರೂ ಇಲ್ಲ, ನಾನೇ ಹೋಗುತ್ತೇನೆ, ಅಭ್ಯಾಸವಾಗಿದೆ ಎಂದಳು ಹುಡುಗಿ. ಚಿಕ್ಕಮ್ಮ ನನಗೆ ಫೋನು ಮಾಡಿ, "ನಾಳೆ ರಜೆ ಹಾಕು, ಅಲ್ಲಿಗೆ ಒಬ್ಬಳೇ ಹೋದ್ರೆ ಯಾರನ್ನಾದ್ರೂ ಹೊಡೆದುಬಿಡ್ತೀನಿ" ಎಂದಳು.

ನಿಲ್ದಾಣದ ಕಲ್ಲುಬೆಂಚಿನ ಮೇಲೆ ಹುಡುಗಿಯನ್ನು ಮಧ್ಯೆ ಕೂರಿಸಿಕೊಂಡು ಕೂತೆವು. ಚಿಕ್ಕಮ್ಮ ಆ ಗಾಜಿನ ಗೂಡಿನ ಕಡೆ ನೋಡಲಿಲ್ಲ. ಅದರೊಳಗೆ ಈಗ ಪೊರಕೆ, ಬಕೆಟ್ಟು ಇಟ್ಟಿದ್ದರು.

"ನೀವು ಕೊನೇ ಪಾಠದಲ್ಲಿ ಒಂದು ಪ್ರಶ್ನೆ ಕೇಳಿದ್ರಿ" ಎಂದಳು ಹುಡುಗಿ.

ಚಿಕ್ಕಮ್ಮ ನನ್ನ ಕಡೆ ತಿರುಗಿದಳು. ನಾನು ಬಸ್ಸುಗಳನ್ನು ನೋಡತೊಡಗಿದೆ.

"ಯಾವ ಪುಟದಲ್ಲಿ ಬರೆದಿದೆ ಅಂತ. ಯಾವ ಪುಟದಲ್ಲೂ ಇಲ್ಲಮ್ಮ, ನಾನು ಪೂರ್ತಿ ಕೇಳಿದ್ದೀನಿ. ನಿಮ್ಮ ಧ್ವನಿ ಇನ್ನೂ ಇಲ್ಲಿ ಕೆಲಸದಲ್ಲಿದೆ. ಒಂದು ದಿನ ರಜೆ ಇಲ್ಲದೆ ದುಡೀತಿದೆ. ಮನೆಗೆ ಕಳಿಸಿದ್ದು ನಿಮ್ಮನ್ನ ಮಾತ್ರ."

ಚಿಕ್ಕಮ್ಮ ತಲೆ ಎತ್ತಿ ಮೇಲಿನ ಸ್ಪೀಕರನ್ನು ನೋಡಿದಳು.

"ಮೊದಲ ಪಾಠದಲ್ಲೇ ಗುರುತು ಹಿಡಿದೆ ನಾನು" ಎಂದಳು ಹುಡುಗಿ. "ಊರಿಗೆ ಹೋಗಿ ಬರೋವಾಗೆಲ್ಲ ಇದೇ ಬೆಂಚಲ್ಲಿ ಕೂತಿರ್ತಿದ್ದೆ. ನೀವು ತಡ ಅಂತ ಹೇಳಿದ್ರೆ, ಎಷ್ಟು ಸಿಟ್ಟಿದೆ ಅನ್ನೋದರ ಮೇಲೆ ಎಷ್ಟು ತಡ ಅಂತ ಗೊತ್ತಾಗ್ತಿತ್ತು. ಸ್ವಲ್ಪ ಸಿಟ್ಟಿದ್ರೆ ಇಲ್ಲೇ ಕೂರ್ತಿದ್ದೆ. ಜೋರು ಸಿಟ್ಟಿದ್ರೆ ಟೀ ಕುಡಿಯೋಕೆ ಹೋಗ್ತಿದ್ದೆ. ಈಗ ಅದೇ ಧ್ವನಿ ಬರೀ ನಗ್ತಾ ಹೇಳುತ್ತೆ. ಏನೂ ಗೊತ್ತಾಗಲ್ಲ."

ಅದೇ ಹೊತ್ತಿಗೆ ಸ್ಪೀಕರು ಕಿರುಗುಟ್ಟಿತು. ಚಿಕ್ಕಮ್ಮನ ಧ್ವನಿ, ತುಂಡು ತುಂಡಾಗಿ ಜೋಡಿಸಿದ್ದು, ಹುಡುಗಿಯ ಊರಿನ ಬಸ್ಸು ತಡವಾಗಿ ಬರಲಿದೆ, ದಯವಿಟ್ಟು ಕ್ಷಮಿಸಿ ಎಂದು ನಗುನಗುತ್ತಾ ಹೇಳಿತು. ಬೆಂಚಿನವರು ಮುಖ ಮುಖ ನೋಡಿಕೊಂಡರು. ಎಷ್ಟು ತಡ ಎಂದು ಯಾರಿಗೂ ಗೊತ್ತಿರಲಿಲ್ಲ.

ಚಿಕ್ಕಮ್ಮ ಎದ್ದಳು. ನೇರವಾಗಿ ವಿಚಾರಣೆಯ ಕಿಟಕಿಗೆ ಹೋಗಿ, ಒಳಗೆ ಕೂತವನನ್ನು ಒಂದೇ ಮಾತು ಕೇಳಿದಳು. ಅವನು ಏನೋ ಗೊಣಗಿದ. ಅವಳು ಅಲ್ಲೇ, ನಿಲ್ದಾಣದ ನಟ್ಟನಡುವೆ ನಿಂತು, ಸೊಂಟಕ್ಕೆ ಕೈಕೊಟ್ಟು, ಯಾವ ಮೈಕೂ ಇಲ್ಲದೆ ಕೂಗಿದಳು:

"ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆ! ಬೇರೆ ಬಸ್ಸು ಇನ್ನೂ ಹೊರಟೇ ಇಲ್ಲ! ಸಂಜೆಯೊಳಗೆ ಬಂದ್ರೆ ನಿಮ್ಮ ಪುಣ್ಯ! ಇದನ್ನ ಹೇಳೋಕೆ ಇವರಿಗೆ ನಾಚಿಕೆ!"

ಇಡೀ ನಿಲ್ದಾಣ ತಿರುಗಿತು. ಕೆಲವರು ಸ್ಪೀಕರನ್ನು ನೋಡಿದರು, ಅವಳನ್ನು ನೋಡಿದರು, ಮತ್ತೆ ಸ್ಪೀಕರನ್ನು ನೋಡಿದರು. ದೂರದಲ್ಲಿ ಬಸ್ಸಿನ ಕೆಳಗೆ ತಲೆ ತೂರಿಸಿದ್ದ ಹಳೆಯ ಡ್ರೈವರೊಬ್ಬ ಹೊರಗೆ ಬಂದು, "ಮೈಕಮ್ಮ!" ಎಂದು ಎದ್ದು ನಿಂತ.

ಹುಡುಗಿ ಕೋಲು ಬಿಚ್ಚಿ ಹಿಡಿದು, ಚೀಲ ಹೆಗಲಿಗೇರಿಸಿದಳು.

"ಬನ್ನಿ ಅಕ್ಕ" ಎಂದಳು ನನಗೆ. "ಟೀ ಕುಡಿಯೋಕೆ ಟೈಮಿದೆ."